ಕಡಲ ಎಚ್ಚರಿಕೆ ಬಯಲುಸೀಮೆಗೂ ಬರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬರುತ್ತಿದೆ. ನಮ್ಮ ಓಣಿಯಲ್ಲೇ ಎರಡು ಮನೆಯವರು ಮಂಗಳೂರು, ಉಡುಪಿ ಕಡೆ ಹೊರಡುವ ಮಾತಾಡುತ್ತಿದ್ದಾರೆ. ಅದಕ್ಕೇ ಈ ಪತ್ರ.

2025ರ ಮೇ ಕೊನೆಯ ಭಾನುವಾರ ನಾವೂ ಹೀಗೇ ಮಂಗಳೂರಿಗೆ ಹೋಗಿದ್ದೆವು. ನಾನು, ಹೆಂಡತಿ, ಆರು ವರ್ಷದ ಮಗಳು, ನಮ್ಮವ್ವ. ಅವ್ವನಿಗೆ ಎಪ್ಪತ್ತು ದಾಟಿದೆ, ಅದುವರೆಗೂ ಸಮುದ್ರ ನೋಡಿರಲಿಲ್ಲ. ಮಗಳು ಸಂತೆಯಲ್ಲಿ ಕೊಂಡ ಕೆಂಪು ಬಕೆಟ್ಟನ್ನು ತೊಡೆ ಮೇಲೆ ಇಟ್ಟುಕೊಂಡೇ ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋದಳು. ಮಳೆಗಾಲ ಜೂನಿಗೆ ತಾನೇ, ಅಷ್ಟರೊಳಗೆ ಹೋಗಿ ಬಂದುಬಿಡೋಣ ಅನ್ನುವುದು ನಮ್ಮ ಲೆಕ್ಕ. ಆದರೆ ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು, ವಾಡಿಕೆಗಿಂತ ಎಂಟು ದಿನ ಮೊದಲು. ನಾವು ಬಸ್ಸು ಹತ್ತಿದ್ದು ಅದೇ ರಾತ್ರಿ. ಘಾಟಿ ಇಳಿಯುವಾಗ ಕಿಟಕಿಯ ಆಚೆ ನೀರು ಬಿಟ್ಟರೆ ಏನೂ ಕಾಣಲಿಲ್ಲ.

ಬೆಳಿಗ್ಗೆ ಬೀಚಿಗೆ ಅಂದಾಗ ಆಟೋದವರು, "ಈ ಮಳೆಗೆ ನೀರಿಗೆ ಬಿಡುದಿಲ್ಲ ಮಾರ್ರೆ" ಅಂದರು. ನಾನು ಕೇಳಲಿಲ್ಲ. ಹೋಗಿ ನೋಡಿದರೆ ದಡದ ಉದ್ದಕ್ಕೂ ಹಗ್ಗ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು. ಅಲೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಮ್ಮ ಕೊಡೆ ಒಂದೇ ಗಾಳಿಗೆ ಬೋರಲು ಬಿತ್ತು. ಉತ್ತರ ಕರ್ನಾಟಕದ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದಿದ್ದ ಏಳೆಂಟು ಹುಡುಗರು ಜೀವರಕ್ಷಕನ ಹತ್ತಿರ ಜಗಳಕ್ಕೇ ನಿಂತಿದ್ದರು. ಇಷ್ಟು ದೂರ ಬಂದೀವಿ, ಮೊಣಕಾಲು ಮಟ ಇಳಿದು ಬರ್ತೀವಿ ಅಂತ. ಅವರ ಜೊತೆ ನಾನೂ ದನಿ ಸೇರಿಸಿದೆ. ಆ ಜೀವರಕ್ಷಕ ಹುಡುಗ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ. ಬಾಯಲ್ಲಿದ್ದ ಸೀಟಿ ತೆಗೆದು, "ಮೊಣಕಾಲು ನೀರೇ ಎಳ್ಕೊಂಡು ಹೋಗುದು ಅಣ್ಣ" ಅಂದ. ನನ್ನ ಮಗಳ ಕಡೆ ಒಮ್ಮೆ ನೋಡಿದ. ಮತ್ತೆ ಸೀಟಿ ಬಾಯಿಗಿಟ್ಟುಕೊಂಡು ಹಗ್ಗದ ಆ ಕೊನೆಗೆ ಓಡಿದ. ಅವನ ಹೆಸರು ನಾನು ಕೇಳಲಿಲ್ಲ. ಈ ಪತ್ರದ ಮೂಲಕ ಅವನಿಗೆ ಕೈ ಮುಗಿಯುತ್ತೇನೆ.

ಅವನು ಹೇಳಿದ್ದು ನಿಜ. ದಡಕ್ಕೆ ಬಡಿದ ನೀರು ವಾಪಸ್ ಹೋಗುವಾಗ ಒಂದೊಂದು ಕಡೆ ಒಟ್ಟಾಗಿ ಕಾಲುವೆಯ ಹಾಗೆ ಒಳಕ್ಕೆ ಎಳೆಯುತ್ತದೆ. ಎಂಥ ಈಜುಗಾರನೂ ಅದರ ಎದುರು ಈಜಿ ದಡ ಸೇರುವುದು ಕಷ್ಟ. ಮೇಲಿಂದ ನೋಡಿದರೆ ಅಲೆ ಇಲ್ಲದ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಕರಾವಳಿಯವರಿಗೆ ಇದು ಹುಟ್ಟಿನಿಂದ ಗೊತ್ತು. ಕೆರೆಯಲ್ಲಿ ಈಜು ಕಲಿತ ನಮಗೆ ಹೇಗೆ ಗೊತ್ತಾಗಬೇಕು?

ನಮ್ಮ ದಿನವನ್ನು ಉಳಿಸಿದ್ದು ಅದೇ ಆಟೋದವರು. ಲೈಟ್‌ಹೌಸ್ ಹಿಲ್ ಮೇಲಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿಗೆ ಕರೆದುಕೊಂಡು ಹೋದರು. ಗೋಡೆ, ಚಾವಣಿ ತುಂಬಾ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವವರು 1899ರಿಂದ 1901ರವರೆಗೆ ಬರೆದದ್ದಂತೆ. ಅವ್ವ ಕತ್ತೆತ್ತಿ ನೋಡುತ್ತಾ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಆಮೇಲೆ ಕದ್ರಿ ದೇವಸ್ಥಾನಕ್ಕೆ ಹೋಗಿ ಸಾವಿರ ವರ್ಷ ದಾಟಿದ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದೆವು. ಹೊರಗೆ ಸುರಿಯುತ್ತಲೇ ಇತ್ತು. "ಇದರಾಗೆ ಒಂದು ದಿನದ್ದು ನಮ್ಮೂರಿಗೆ ಬಂದಿದ್ರೆ ಸಾಕಿತ್ತು ಕಣಪ್ಪ" ಅಂದರು ಅವ್ವ. ಮಳೆಯ ದಿನವೂ ನೋಡಲು ಇಷ್ಟೆಲ್ಲ ಇದೆ ಅಂತ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿದರೆ ಎಷ್ಟು ಜನ ಸಮುದ್ರದ ಹಟ ಬಿಡುತ್ತಾರೆ, ಅಲ್ವಾ?

ಈಗ ಮುಖ್ಯ ಮಾತು. ಆ ವಾರ ಕರಾವಳಿಗೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇತ್ತು. ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗೂ ಜಾಸ್ತಿ ಮಳೆ ಬರಬಹುದು ಅಂತ. ಅಲೆಗಳ ಎತ್ತರದ ಮುನ್ಸೂಚನೆಯನ್ನು ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್ (INCOIS) ಬೇರೆ ಕೊಡುತ್ತದೆ. ಅಂದರೆ ಮಾಹಿತಿಗೆ ಕೊರತೆ ಇಲ್ಲ. ಅದು ಕರಾವಳಿಯ ಪುಟದಲ್ಲೇ ಉಳಿದುಬಿಡುತ್ತದೆ, ಅಷ್ಟೇ. ನಮ್ಮ ಕಡೆಯ ಪೇಪರಿನಲ್ಲಿ ನಾನು ಅದನ್ನು ಕಾಣಲಿಲ್ಲ. ಬಸ್ಸಿನ ಟಿಕೆಟ್ ತಗೊಳ್ಳುವಾಗ ಯಾರೂ ಹೇಳಲಿಲ್ಲ, ಲಾಡ್ಜಿನವರೂ ಹೇಳಲಿಲ್ಲ. ಹಗ್ಗದ ಮುಂದೆ ನಿಂತಾಗಲೇ ನಮಗೆ ಗೊತ್ತಾಗಿದ್ದು. ಅಷ್ಟು ದುಡ್ಡು ಸುರಿದು, ಮಕ್ಕಳಿಗೆ ಆಸೆ ಹುಟ್ಟಿಸಿ ಬಂದವರು ಹಗ್ಗದ ಮುಂದೆ ನಿಂತಾಗ ಸುಮ್ನೆ ತಿರುಗಿ ಹೋಗುವುದು ಕಷ್ಟ. ಜಗಳ ಹುಟ್ಟುವುದು, ಕಣ್ಣು ತಪ್ಪಿಸಿ ನೀರಿಗೆ ಇಳಿಯುವುದು ಅಲ್ಲೇ.

ಏಪ್ರಿಲ್, ಮೇ ಮತ್ತು ದಸರಾ ರಜೆಯಲ್ಲಿ ಎರಡೇ ಸಾಲು ಸಾಕು. ಇವತ್ತು, ನಾಳೆ ಕರಾವಳಿಗೆ ಯಾವ ಅಲರ್ಟ್, ನೀರಿಗೆ ಇಳಿಯಬಹುದೋ ಬೇಡವೋ. ಅದನ್ನು ಚಿತ್ರದುರ್ಗ, ಬಳ್ಳಾರಿ, ಕಲಬುರಗಿಯ ಆವೃತ್ತಿಗಳ ಮೊದಲ ಪುಟದಲ್ಲೇ ದಯವಿಟ್ಟು ಹಾಕಿ. ನಮ್ಮ ಓಣಿಯ ಆ ಎರಡು ಮನೆಗೂ ಬರುವುದು ನಿಮ್ಮ ಪತ್ರಿಕೆಯೇ.

ಇಂತಿ ನಿಮ್ಮ ಓದುಗ,
ಚಳ್ಳಕೆರೆ