ಗಾಯ ಸಣ್ಣದು, ಶಸ್ತ್ರಚಿಕಿತ್ಸೆ ಸಣ್ಣದಲ್ಲ

ಮಾನ್ಯ ಸಂಪಾದಕರೇ,

ಹೊಟ್ಟೆ ತೆರೆಯದೆ ಸಣ್ಣ ತೂತುಗಳ ಮೂಲಕ ಮಾಡುವ ಪಿತ್ತಜನಕಾಂಗದ (ಲಿವರಿನ) ಕೀಹೋಲ್ ಶಸ್ತ್ರಚಿಕಿತ್ಸೆ ಕುರಿತು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹವನ್ನು ಕತ್ತರಿಸಿಕೊಂಡು ನಮ್ಮ ಬೀದಿಯವರೊಬ್ಬರು ಮೊನ್ನೆ ಮನೆಗೆ ಬಂದರು. ಅವರ ತಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದೆ. ಲಿವರಿನ ಬಲಭಾಗವನ್ನು ಪೂರ್ತಿ ತೆಗೆಯಬೇಕು, ಹೊಟ್ಟೆ ತೆರೆದೇ ಮಾಡುತ್ತೇವೆ ಎಂದು ವೈದ್ಯರು ಹೇಳಿದ್ದಾರಂತೆ. ‘ಸಿಸ್ಟರ್, ಆ ಡಾಕ್ಟರಿಗೆ ಹೊಸ ವಿದ್ಯೆ ಗೊತ್ತಿಲ್ಲವೇ? ಬೇರೆ ಕಡೆ ಕರೆದುಕೊಂಡು ಹೋಗಲೇ?’ ಎಂದು ಕೇಳಿದರು. ಇಪ್ಪತ್ತೆಂಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ದುಡಿದ ನನಗೆ ಸಂಕಟವಾಯಿತು.

ಬಲಭಾಗವೆಂದರೆ ಲಿವರಿನ ಮೂರರಲ್ಲಿ ಎರಡು ಪಾಲಿನಷ್ಟು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುವ ಅಂಗವದು. ಕೊಯ್ಯುವಾಗ ಲಿವರಿಗೆ ರಕ್ತ ತರುವ ನಾಳಗಳನ್ನು ಪಟ್ಟಿಯಿಂದ ಬಿಗಿದು ಹಿಡಿಯುತ್ತಾರೆ. 1908ರಲ್ಲಿ ಪ್ರಿಂಗಲ್ ಎಂಬ ವೈದ್ಯರು ವಿವರಿಸಿದ ಉಪಾಯ ಇಂದಿಗೂ ನಡೆಯುತ್ತಿದೆ. ಗಡಿಯಾರ ನೋಡುತ್ತಾ ‘ಹದಿನೈದು ನಿಮಿಷ ಆಯಿತು ಸರ್’ ಎಂದು ಕೂಗುವುದು ನನ್ನ ಕೆಲಸವಾಗಿತ್ತು. ಪಟ್ಟಿ ಸಡಿಲಿಸಿ ಐದು ನಿಮಿಷ ಕಾಯುತ್ತಿದ್ದರು. ಆಗ ನಾನು ರಕ್ತ ಹೀರಿದ ಬಟ್ಟೆಗಳನ್ನು ತಕ್ಕಡಿಗೆ ಹಾಕಿ, ಒಣ ಬಟ್ಟೆಯ ತೂಕ ಕಳೆದು, ಗ್ರಾಮಿಗೆ ಒಂದು ಮಿಲಿಲೀಟರಿನಂತೆ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದೆ. ಹೊಟ್ಟೆ ತೆರೆದಿದ್ದರೂ ತೂತಿನ ಮೂಲಕ ಮಾಡಿದರೂ ಒಳಗಿನ ಈ ಕೆಲಸ ಒಂದೇ. ಕೀಹೋಲಿನಲ್ಲಿ ಹೊಟ್ಟೆಗೆ ತುಂಬುವ ಅನಿಲದ ಒತ್ತಡದಿಂದ ಸಣ್ಣ ರಕ್ತನಾಳಗಳ ಜಿನುಗು ತಗ್ಗುತ್ತದೆ, ನಿಜ. ಆದರೆ ದೊಡ್ಡ ಅಭಿಧಮನಿ ಹರಿದರೆ ತಕ್ಷಣ ಒತ್ತಿ ಹಿಡಿಯಲು ಒಳಗೆ ಕೈಯಿರುವುದಿಲ್ಲ.

ಕೀಹೋಲನ್ನು ನಾನು ಹೀಗಳೆಯುತ್ತಿಲ್ಲ. ಲಿವರಿನ ಬಲಭಾಗವನ್ನೋ ಎಡಭಾಗವನ್ನೋ ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲೇ ಎರಡೂ ವಿಧಾನಗಳನ್ನು ಯುರೋಪಿನ 16 ಆಸ್ಪತ್ರೆಗಳಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ಹೋಲಿಸಿದ್ದಾರೆ. ಆರೆಂಜ್-2 ಪ್ಲಸ್ ಎಂಬ ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನಡೆದಾಡಿ, ಉಂಡು, ಮಾತ್ರೆಯಲ್ಲೇ ನೋವು ತಡೆದುಕೊಳ್ಳುವ ಸ್ಥಿತಿಗೆ ಬರಲು ಕೀಹೋಲಿನವರಿಗೆ ನಾಲ್ಕು ದಿನ, ಹೊಟ್ಟೆ ತೆರೆದವರಿಗೆ ಐದು ದಿನ ಬೇಕಾಯಿತು. ಕ್ಯಾನ್ಸರ್ ರೋಗಿಗಳಿಗೆ ಮುಂದಿನ ಕೀಮೋಥೆರಪಿಯೂ ಬೇಗ ಶುರುವಾಯಿತು. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಆದರೆ ಆ ಅಧ್ಯಯನದ ಶಸ್ತ್ರವೈದ್ಯರ ಕೈಗಳು ಪಳಗಿದ ಕೈಗಳು ಎಂಬುದನ್ನು ಮರೆಯಬಾರದು.

ನಿಮ್ಮ ಬರಹದಲ್ಲಿ ಇದಾವುದೂ ಇರಲಿಲ್ಲ, ‘ನಾಲ್ಕೈದು ತೂತು ಸಾಕು’ ಎಂದಷ್ಟೇ ಇತ್ತು. ಕೊಯ್ದ ಅಷ್ಟು ದೊಡ್ಡ ತುಂಡು ತೂತಿನಲ್ಲಿ ಹೊರಬರುವುದಿಲ್ಲ. ಚೀಲಕ್ಕೆ ಹಾಕಿ, ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿ ಬೇರೆ ಗಾಯ ಮಾಡಿ ತೆಗೆಯಬೇಕು. ನಡುವೆ ತೊಂದರೆಯಾಗಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದು ಸೋಲೂ ಅಲ್ಲ, ಮೋಸವೂ ಅಲ್ಲ.

ಆ ಅಣ್ಣನಿಗೆ ಅದೇ ಕತ್ತರಿಸಿದ ಹಾಳೆಯ ಅಂಚಿನಲ್ಲಿ ಬರೆದುಕೊಟ್ಟೆ: ಗಡ್ಡೆ ದೊಡ್ಡ ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ? ಉಳಿಯುವ ಲಿವರ್ ಸಾಕಾಗುತ್ತದೆಯೇ? ಲಿವರಿನ ಇಂಥ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ನೀವು ಎಷ್ಟು ಮಾಡಿದ್ದೀರಿ, ಯಾವ ವಿಧಾನದಲ್ಲಿ? ವೈದ್ಯರು ಅರ್ಧ ಗಂಟೆ ಕುಳಿತು ಸ್ಕ್ಯಾನ್ ತೋರಿಸಿ ವಿವರಿಸಿದರಂತೆ. ಗಡ್ಡೆ ಹೃದಯಕ್ಕೆ ರಕ್ತ ಒಯ್ಯುವ ಮಹಾಭಿಧಮನಿಗೆ ತಾಗಿಕೊಂಡಿದೆ. ಮುಂದಿನ ಗುರುವಾರ ಶಸ್ತ್ರಚಿಕಿತ್ಸೆ, ಹೊಟ್ಟೆ ತೆರೆದೇ.

ಈ ಪ್ರಶ್ನೆಗಳನ್ನು ದಯವಿಟ್ಟು ಅದೇ ಪುಟದಲ್ಲಿ ಪ್ರಕಟಿಸಿ.

— ನಿವೃತ್ತ ಶುಶ್ರೂಷಕಿ, ದಾವಣಗೆರೆ