ಮ್ಯಾಪಿನಲ್ಲಿ ಸಿಗ್ನಲ್ ಇದೆ, ತೋಟದಲ್ಲಿ ಇಲ್ಲ

ಸಕಲೇಶಪುರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಟಿಪಿಆರ್‌ಸಿ ಸ್ಪರ್ಧೆಗೆ ಅಂತ ನೀನು ಬರೆದು ಕಳಿಸಿದ ಸಂಶೋಧನಾ ಪೇಪರ್ ಓದಿದೆ. ಪೂರ್ತಿ ಅಲ್ಲ, ಮೊದಲ ಎಂಟು ಪುಟ. ಅಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು, ನೀನಿನ್ನೂ ವಿಷಯಕ್ಕೆ ಬಂದಿರಲಿಲ್ಲ. ಬೇಜಾರು ಮಾಡ್ಕೋಬೇಡ.

ಅಮೆರಿಕದ ಟಿಪಿಆರ್‌ಸಿ ಸಮ್ಮೇಳನ 1972ರಿಂದ ನಡೆಯುತ್ತಿದೆ. ಟೆಲಿಕಾಂ ನೀತಿಯನ್ನು ಅರೆದು ಕುಡಿದವರು ಅಲ್ಲಿಗೆ ಬರುತ್ತಾರೆ. ಅಂಥ ಕಡೆಯ ವಿದ್ಯಾರ್ಥಿ ಸ್ಪರ್ಧೆಗೆ ಇಡೀ ಭಾರತದ ಡಿಜಿಟಲ್ ಕಂದಕ, ಅಂದರೆ ನೆಟ್ ಸಿಗುವವರಿಗೂ ಸಿಗದವರಿಗೂ ಇರುವ ಅಂತರ, ಅಂತ ಬರೆದರೆ ಹೇಗೆ? ಅದನ್ನು ದೆಹಲಿಯಲ್ಲಿ ಕೂತವರೂ ಬರೆಯುತ್ತಾರೆ. ನೀನು ಆನೆ ಮೆಸೇಜಿನ ಬಗ್ಗೆ ಬರಿ.

ಯೋಚಿಸಿ ನೋಡು. ಆನೆ ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ತಿಳಿಸುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆ ಮೆಸೇಜ್ ಯಾರಿಗೆ ಬರುತ್ತದೆ? ನಂಬರ್ ಕೊಟ್ಟ ನನ್ನಂಥವನಿಗೆ. ಬೆಳಗ್ಗೆ ಮೊದಲು ತೋಟಕ್ಕೆ ಇಳಿಯುವುದು ಆಳುಗಳು. ಅವರಲ್ಲಿ ಅಸ್ಸಾಮಿನವರೂ ಇದ್ದಾರೆ, ಕನ್ನಡ ಓದಲು ಬರುವುದಿಲ್ಲ. ಓದಲು ಬಂದರೂ ಹಳ್ಳದ ಪಕ್ಕ ಸಿಗ್ನಲ್ ಇಲ್ಲ. ಇಲ್ಲಿಂದ ನಲವತ್ತು ಕಿಲೋಮೀಟರ್ ಆಚೆ, ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೂತು 36,000 ಕಿ.ಮೀ. ಮೇಲಿನ ಉಪಗ್ರಹಗಳನ್ನು 1982ರಿಂದ ನಡೆಸುತ್ತಿದ್ದಾರೆ. ನಮಗೆ ಹಳ್ಳ ದಾಟಿ ಒಂದು ಮೆಸೇಜ್ ಹೋಗುತ್ತಿಲ್ಲ.

ಕಂಪನಿಗಳು ತಮ್ಮ ನೆಟ್‌ವರ್ಕ್ ಎಲ್ಲೆಲ್ಲಿದೆ ಅಂತ ಮ್ಯಾಪ್ ಹಾಕಬೇಕೆಂದು ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆಯಲ್ಲ, ಆ ಮ್ಯಾಪ್ ಹಿಡಿದುಕೊಂಡು ತೋಟದಲ್ಲಿ ನಡೆದು ನೋಡು. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಟೆಲಿಫೋನ್ ಕೆಲಸದಲ್ಲಿದ್ದಾಗ ದೂರಿನ ರಿಜಿಸ್ಟರ್ ನನ್ನ ಟೇಬಲ್ ಮೇಲೇ ಇರುತ್ತಿತ್ತು. ಆಷಾಢದ ಮಳೆಗೆ ಮರ ಬಿದ್ದು ಲೈನ್ ಹೋಗಿ ನಾಲ್ಕು ದಿನ ಆಗಿರುತ್ತಿತ್ತು. ತಿಂಗಳ ಲೆಕ್ಕ ಚೆನ್ನಾಗಿ ಕಾಣಬೇಕು ಅಂತ ಸಂಜೆಗೆ 'ಸರಿಪಡಿಸಲಾಗಿದೆ' ಅಂತ ಬರೆಯುತ್ತಿದ್ದೆವು. ಆ ಅಕ್ಷರಗಳಲ್ಲಿ ನನ್ನವೂ ಇವೆ. ನಿನ್ನ ಪೇಪರಿನ ಮೂರನೇ ಪುಟದ ಅಂಕಿಗಳ ಪಟ್ಟಿ ನೋಡಿದಾಗ ಅದೇ ನೆನಪಾಯಿತು. ಆ ಅಂಕಿ ಯಾರು ಬರೆದರು, ಅದು ಜಾಸ್ತಿ ಕಂಡರೆ ಯಾರಿಗೆ ಲಾಭ, ಕೇಳಿದೆಯಾ?

ದುಡ್ಡಿನ ವಿಷಯಕ್ಕೂ ಜಾಗ ಕೊಡು. ಕಂಪನಿಗಳ ಆದಾಯದ ಶೇ. 5ರಷ್ಟು ಹಳ್ಳಿ ಸಂಪರ್ಕದ ನಿಧಿಗೆ ಹೋಗುತ್ತದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಅಂತ ಹೊಸ ಹೆಸರು. ಟವರ್‌ಗೆ ಕೊಡುವ ಹಾಗೆ ಎಚ್ಚರಿಕೆಯ ಸೈರನ್‌ಗೆ, ಅಸ್ಸಾಮಿ ಭಾಷೆಯ ವಾಯ್ಸ್ ಕಾಲ್‌ಗೆ ಅದರಿಂದ ಯಾಕೆ ಕೊಡಬಾರದು? ಇದು ನನ್ನ ತಲೆಹರಟೆ ಇರಬಹುದು. ಆಗಲ್ಲ ಅನ್ನುವವರ ವಾದವನ್ನೂ ಗಟ್ಟಿಯಾಗಿ ಬರಿ, ಆಮೇಲೆ ಉತ್ತರ ಕೊಡು.

ಆಳುಗಳ ಹೆಸರು, ನಂಬರ್ ಪೇಪರಿನಲ್ಲಿ ಬರಬಾರದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತಲ್ಲ, ಅದರ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು! ನನಗಿನ್ನೂ 71, ಸುಸ್ತು ಅಂತೀನಿ.

ಗೈಡ್ ಹೆಸರು ಸೇರಿಸಬಹುದೋ ಇಲ್ಲವೋ ನಿಯಮದಲ್ಲಿ ನೋಡು. ಕೊನೆ ದಿನದ ರಾತ್ರಿ ಅಪ್‌ಲೋಡ್ ಮಾಡಬೇಡ.

ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಬಾ, ಎಲ್ಲರೂ ತೋಟದಲ್ಲೇ ಸಿಗುತ್ತಾರೆ. ನಿಮ್ಮ ದೊಡ್ಡಮ್ಮ ಅಕ್ಕಿರೊಟ್ಟಿ ಮಾಡಿಕೊಡುತ್ತಾಳೆ. ಮೊದಲೇ ಫೋನ್ ಮಾಡು. ಸಂಜೆ ಐದರಿಂದ ಆರು ನೀರಿನ ಟ್ಯಾಂಕ್ ಹತ್ತಿರ ನಿಂತಿರುತ್ತೇನೆ, ಅಲ್ಲಿ ಸಿಗ್ನಲ್ ಎರಡು ಕಡ್ಡಿ ಬರುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ