ಶಾನುಭೋಗನ ಕಡೆಯಿಂದ ಗೆಳೆಯನಿಗೆ

ಏನೋ ಮಾರಾಯ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ನೀನು ಒಂದು ಹೆಬ್ಬೆರಳು ಒತ್ತಿ ಮಲಗಿಬಿಡುತ್ತೀಯ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ, ಈಗ ಹೇಗೆ ತಪ್ಪಿಸಿಕೊಳ್ಳುತ್ತೀಯೋ ನೋಡೋಣ. ಹದಿನಾಲ್ಕನೇ ಇಡ್ಲಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೋದ ವಾರದಿಂದ ಯಾಕೋಬ್ ಯಾಕೋಬ್ಸನ್ ಎಂಬುವರು ತಲೆಯಲ್ಲಿ ಕೂತಿದ್ದಾರೆ. 1888ರಲ್ಲಿ ಹುಟ್ಟಿದ ಜರ್ಮನ್ ಇತಿಹಾಸಕಾರ. 1920ರಿಂದ ಬರ್ಲಿನ್ನಿನಲ್ಲಿ ಜರ್ಮನ್ ಯಹೂದಿಗಳ ಕೇಂದ್ರ ದಾಖಲೆ ಸಂಗ್ರಹದ ಮುಖ್ಯಸ್ಥ. ಒರಾನಿಯನ್‌ಬುರ್ಗರ್ ಬೀದಿಯ ದೊಡ್ಡ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಪಕ್ಕದಲ್ಲೇ ಕಚೇರಿ. ಹಳ್ಳಿಗಳ ಯಹೂದಿಗಳು ಪಟ್ಟಣ ಸೇರುತ್ತಿದ್ದ ಕಾಲ ಅದು. ಅವರು ಬಿಟ್ಟುಹೋದ ಊರುಗಳ ಹಳೇ ಪುಸ್ತಕಗಳು ಇವರ ಕಪಾಟಿಗೆ ಬರುತ್ತಿದ್ದವು. ಹುಟ್ಟು, ಮದುವೆ, ಸಾವು, ಸುನ್ನತಿ, ತೆರಿಗೆ. ನಮ್ಮಂಥವರಿಗೆ ಸ್ವರ್ಗ, ಅಲ್ವಾ? ನೀನು ಮೂಗು ಮುರಿಯುತ್ತೀಯ, ಗೊತ್ತು.

ಆಮೇಲೆ ಹಿಟ್ಲರ್ ಬಂದ. ಕೆಲಸ ಉಳಿಯಬೇಕಾದರೆ ಅಜ್ಜ ಅಜ್ಜಿ ಯಾರು ಅಂತ ತೋರಿಸಬೇಕು. 1935ರ ಕಾನೂನಿನಲ್ಲಿ ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾದರೆ ನೀನೂ ಯಹೂದಿ. ಸತ್ತುಹೋದ ಅಜ್ಜಿ ಯಾವ ಧರ್ಮದವಳು ಅಂತ ಹೇಳುವವರು ಯಾರು? ಆ ಪುಸ್ತಕಗಳೇ. ಕಾಪಾಡಲು ತಂದಿಟ್ಟ ಪುಸ್ತಕಗಳು. 1938ರ ನವೆಂಬರಿನಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಗಳ ನಂತರ ಸಂಗ್ರಹ ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೋ ಕೈಗೆ ಹೋಯಿತು. ವಂಶ ಹುಡುಕುವ ಸರ್ಕಾರಿ ಇಲಾಖೆ ಅಲ್ಲೇ ಬಂದು ಕೂತಿತು. ಯಾಕೋಬ್ಸನ್ ಆ ಇಲಾಖೆಯ ಕೈಕೆಳಗೆ ಕೆಲಸ ಮಾಡಬೇಕಾಯಿತು. 1939ರಲ್ಲಿ ಹೆಂಡತಿ, ಮಗ ಇಂಗ್ಲೆಂಡಿಗೆ ಹೋದರು. ಇವರನ್ನು ಬಿಡಲಿಲ್ಲ. ಆ ಪುಸ್ತಕಗಳನ್ನು ಬಲ್ಲವರು ಇವರೊಬ್ಬರೇ. ಕಲಿತ ವಿದ್ಯೆಯೇ ಕಾಲಿಗೆ ಸರಪಳಿಯಾಯಿತು.

1943ರಲ್ಲಿ ಇವರನ್ನೂ ಟೆರೆಸಿಯೆನ್‌ಸ್ಟಾಟ್ ಎಂಬ ನಾಜಿ ಸೆರೆಶಿಬಿರಕ್ಕೆ ಸಾಗಿಸಿದರು. ಬದುಕಿ ಬಂದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡ್ ಸೇರಿದರು. ಅಲ್ಲಿ ಏನು ಮಾಡಿದರು ಹೇಳು? ಮತ್ತೆ ಪಟ್ಟಿ! 1962ರಲ್ಲಿ ಬರ್ಲಿನ್ನಿನ ಯಹೂದಿ ಪೌರರ ಪಟ್ಟಿ, 1968ರಲ್ಲಿ ಹಳೇ ಬರ್ಲಿನ್ನಿನ ಯಹೂದಿ ಮದುವೆಗಳದ್ದು. ಅದೇ ವರ್ಷ ತೀರಿಕೊಂಡರು. ಇನ್ನೊಂದು ಕೇಳು. ವಂಶದ ಇಲಾಖೆಯವರು ಯುದ್ಧದ ಕೊನೆಯಲ್ಲಿ ಅಂಥ ಎಷ್ಟೋ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡಿಸಿದ್ದರು. ಅವುಗಳಲ್ಲಿ ಎಷ್ಟೋ ಮೂಲ ಪುಸ್ತಕಗಳು ಕಳೆದುಹೋದವು, ಫಿಲ್ಮು ಉಳಿಯಿತು. ಇವತ್ತು ಮುತ್ತಜ್ಜನನ್ನು ಹುಡುಕುವ ಮೊಮ್ಮಕ್ಕಳು ಅದನ್ನೇ ನೋಡಬೇಕು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ.

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರ ಪಟ್ಟಿ ಬೇಕು ಅಂದರು. ಹೆಸರು, ಫೋನ್ ನಂಬರ್, ಯಾವ ಮನೆ, ಇಷ್ಟೇ. ಎಕ್ಸೆಲ್ ಅಂದರೆ ನಾನು ಹೇಗೆ ಅಂತ ನಿನಗೆ ಗೊತ್ತಲ್ಲ. ಊರು, ಮನೆಮಾತು, ಧರ್ಮ ಅಂತ ಇನ್ನೂ ಮೂರು ಕಾಲಂ ಸೇರಿಸಿದೆ. ಯಾರೂ ಕೇಳಿರಲಿಲ್ಲ. ಹಾಳೆಯಲ್ಲಿ ಜಾಗ ಇತ್ತು, ತುಂಬಿದೆ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೂವರು ಹೆಂಗಸರು ಗೇಟಿನ ಹೊರಗೆ ನಿಂತಿದ್ದರು. ಕಾವಲಿನವನ ಕೈಯಲ್ಲಿ ನನ್ನ ಪಟ್ಟಿ. ಕೊನೆಯ ಕಾಲಮ್ಮಿಗೆ ಯಾರೋ ಹಳದಿ ಹೈಲೈಟರ್ ಬಳಿದಿದ್ದರು. ಆ ಮೂವರಲ್ಲಿ ಒಬ್ಬರು ನಾಲ್ಕು ವರ್ಷ ನಮ್ಮ ಮನೆ ಒರೆಸಿದವರು. ನನ್ನನ್ನು ನೋಡಿ ನಕ್ಕರು, ನಾನು ಹೇಳಿದರೆ ಒಳಗೆ ಬಿಡುತ್ತಾರೆ ಅಂತ. ನಾನು ಫೋನ್ ಬಂದವನ ಹಾಗೆ ಮೊಬೈಲು ಕಿವಿಗಿಟ್ಟುಕೊಂಡು ಲಿಫ್ಟ್ ಹತ್ತಿದೆ.

ಯಾಕೋಬ್ಸನ್ ಜೊತೆ ನನ್ನನ್ನು ಹೋಲಿಸಿಕೊಳ್ಳುವುದೇ ಕೊಬ್ಬು. ಅವರ ಕುತ್ತಿಗೆ ಮೇಲೆ ಕತ್ತಿ ಇತ್ತು. ನನ್ನ ಮೇಲೆ ಏನಿತ್ತು? ಫ್ಯಾನು.

ಸರಿ, ಸಾಕು. ಹೆಂಡತಿಗೂ ಹೇಳದ್ದನ್ನು ಊರಿಗೆಲ್ಲ ಹೇಳಿಯಾಯಿತು. ಅಂದಹಾಗೆ ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಮೊನ್ನೆ ಸುಟ್ಟುಬಿಡೋಣ ಅಂತ ಹೊರಗೆ ತೆಗೆದೆ. ನಿನ್ನ ಹೆಸರಿನ ಮುಂದೆ 312 ರೂಪಾಯಿ ಬಾಕಿ ಕಂಡಿತು. ಮತ್ತೆ ಒಳಗಿಟ್ಟೆ.

ಬಡ್ಡಿ ಬೇಡ, ಅಸಲು ಕಳಿಸು.

ನಿನ್ನ,
ಶಾನುಭೋಗ